ಬಿಸಿನೀರಿನ ಪ್ರೆಶರ್ ವಾಷರ್: ಬರ್ನರ್‌ನ ತೊಂದರೆಯನ್ನು ಲಕ್ಷಣದಿಂದ ಗುರುತಿಸುವ ಬಗೆ

"ಮುಂಜಾನಿ ಚಂದ ಹತ್ತತಿತ್ತು ಅಣ್ಣಾ, ಈಗ ಬರೇ ಕರಿ ಹೊಗಿ ಬರ್ಲತ್ತದ. ಸ್ಕ್ರೂ ಸ್ವಲ್ಪ ತಿರುಗಿಸಿ ನೋಡ್ಲೇನು?"

ಕಲಬುರಗಿಯ ವರ್ತುಲ ರಸ್ತೆಯ ಲಾರಿ ವಾಷಿಂಗ್ ಸೆಂಟರುಗಳಿಂದಲೂ, ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿಗಳ ಶೆಡ್ಡುಗಳಿಂದಲೂ, ಹುಮನಾಬಾದಿನ ಗ್ಯಾರೇಜುಗಳಿಂದಲೂ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೀಗೆಯೇ ಆರಂಭವಾಗುತ್ತವೆ. ನನ್ನ ಉತ್ತರವೂ ಪ್ರತಿ ಸಲ ಒಂದೇ: "ಸ್ಕ್ರೂ ಮುಟ್ಟಬ್ಯಾಡ್ರಿ, ಮೊದಲು ಫ್ಯಾನ್ ನೋಡ್ರಿ." ನಿನ್ನೆಯವರೆಗೆ ಸರಿಯಾಗಿ ಡೀಸೆಲ್ ಉರಿಸಿ ನೀರು ಕಾಯಿಸುತ್ತಿದ್ದ ಬರ್ನರ್‌ನ ಹೊಂದಾಣಿಕೆ ರಾತ್ರಿ ಬೆಳಗಾಗುವುದರೊಳಗೆ ತಾನಾಗಿ ಕೆಡುವುದಿಲ್ಲ. ಡೀಸೆಲ್, ಗಾಳಿ, ಕಿಡಿ, ನೀರು ಈ ನಾಲ್ಕರಲ್ಲಿ ಯಾವುದೋ ಒಂದು ಬದಲಾಗಿರುತ್ತದೆ. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಮೂಲ ದೋಷ ಹಾಗೆಯೇ ಉಳಿದು, ಅದರ ಮೇಲೆ ಎರಡನೆಯ ದೋಷವೊಂದು ಕೂತುಕೊಳ್ಳುತ್ತದೆ. ಆಮೇಲೆ ಬಂದ ಮೆಕ್ಯಾನಿಕ್ ಎರಡನ್ನೂ ಬೇರೆ ಮಾಡುವಷ್ಟರಲ್ಲಿ ಮಾಲೀಕರ ಒಂದು ದಿನದ ದುಡಿಮೆ ಹೋಗಿರುತ್ತದೆ.

ಯಂತ್ರದ ಒಳಗೆ ನಡೆಯುವುದು ಇಷ್ಟು. ಹೆಚ್ಚಿನ ಯಂತ್ರಗಳಲ್ಲಿ ಬರ್ನರ್ ಮೋಟರು ಫ್ಯಾನನ್ನೂ ಸಣ್ಣ ಡೀಸೆಲ್ ಪಂಪನ್ನೂ ಒಟ್ಟಿಗೇ ತಿರುಗಿಸುತ್ತದೆ. ಪಂಪು ಡೀಸೆಲನ್ನು ಸಾಮಾನ್ಯವಾಗಿ 10 ಬಾರ್ ಆಸುಪಾಸಿನ ಒತ್ತಡದಲ್ಲಿ ನಾಜಲಿನ ಕಡೆಗೆ ನೂಕುತ್ತದೆ. ಗನ್ನಿನ ಟ್ರಿಗರ್ ಒತ್ತಿದಾಗ ನೀರು ಹರಿಯತೊಡಗಿದ್ದನ್ನು ಫ್ಲೋ ಸ್ವಿಚ್ ಖಚಿತಪಡಿಸುತ್ತದೆ, ಆಗ ಕರೆಂಟಿನಿಂದ ತೆರೆದು ಮುಚ್ಚುವ ಸೋಲೆನಾಯ್ಡ್ ವಾಲ್ವ್ ತೆರೆದುಕೊಂಡು ಡೀಸೆಲ್ ಮಂಜಿನಂತೆ ಚಿಮ್ಮುತ್ತದೆ, ಎರಡು ಎಲೆಕ್ಟ್ರೋಡುಗಳ ನಡುವೆ ಹಾರುವ ಸುಮಾರು 10,000 ವೋಲ್ಟಿನ ಕಿಡಿಯಿಂದ ಅದಕ್ಕೆ ಬೆಂಕಿ ಹತ್ತುತ್ತದೆ. ಆ ಬೆಂಕಿಯ ಸುತ್ತ ಸುರುಳಿ ಸುತ್ತಿದ ಕೊಳವೆಯೊಳಗೆ, ಅಂದರೆ ಕಾಯಿಲ್‌ನೊಳಗೆ, ಹರಿಯುವ ನೀರು ಬಿಸಿಯಾಗಿ ಗನ್ನಿಗೆ ಬರುತ್ತದೆ.

ಕೈ ಹಾಕುವ ಮೊದಲು

ಕವರ್ ಬಿಚ್ಚುವುದಕ್ಕೆ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೇ ಕಿತ್ತಿಡಬೇಕು ಅಥವಾ ಮೇನ್ ಇಳಿಸಬೇಕು. ಅನಂತರ ಗನ್ ಒತ್ತಿ ಪೈಪಿನೊಳಗಿನ ಒತ್ತಡವನ್ನು ಹೊರಬಿಡಬೇಕು. ಬರ್ನರ್ ಉರಿಯುತ್ತಿದ್ದಿದ್ದರೆ, ಅದನ್ನು ಆರಿಸಿ ಎರಡು ಮೂರು ನಿಮಿಷ ತಣ್ಣೀರನ್ನೇ ಹರಿಸಿದ ಮೇಲೆ ಯಂತ್ರ ನಿಲ್ಲಿಸಬೇಕು, ಇಲ್ಲವಾದರೆ ಕಾಯಿಲ್‌ನೊಳಗೆ ನಿಂತ ನೀರು ಉಗಿಯಾಗಿ ಬಿಚ್ಚಿದವರ ಕೈಗೇ ಹಾಯುತ್ತದೆ. ಎಲೆಕ್ಟ್ರೋಡಿನ ಕಿಡಿಯನ್ನು ಸ್ಕ್ರೂಡ್ರೈವರ್ ಹತ್ತಿರ ಹಿಡಿದು ಪರೀಕ್ಷಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಒದ್ದೆ ನೆಲದ ಮೇಲೆ, ಒದ್ದೆ ಚಪ್ಪಲಿಯಲ್ಲಿ ನಿಂತು ಆ ಕೆಲಸವನ್ನು ಯಾರೂ ಮಾಡಬಾರದು.

ನಮ್ಮ ಬಿಸಿಲಿನಿಂದಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ಡೀಸೆಲ್‌ಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆ ಎಲ್ಲರಲ್ಲಿದೆ. ಆದರೆ ಭಾರತೀಯ ಮಾನಕವು ಡೀಸೆಲ್‌ಗೆ ಗೊತ್ತುಮಾಡಿರುವ ಕನಿಷ್ಠ ಜ್ವಲನ ಬಿಂದು, ಅಂದರೆ ಅದರ ಆವಿಗೆ ಕಿಡಿಯಿಂದ ಬೆಂಕಿ ಹತ್ತಬಲ್ಲ ತಾಪ, 35 ಡಿಗ್ರಿ ಸೆಲ್ಸಿಯಸ್ ಮಾತ್ರ. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಕಾದ ಫರ್ಶಿ ಕಲ್ಲಿನ ಮೇಲೆ ಚೆಲ್ಲಿದ ಡೀಸೆಲ್ ಅದಕ್ಕಿಂತಲೂ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿಂದ ಏಳುವ ಆವಿಗೆ ಒಂದು ಬೀಡಿಯ ಕಿಡಿ ಸಾಕು. ಚೆಲ್ಲಿದ್ದನ್ನು ಮರಳು ಹಾಕಿ ಬಳಿದು ತೆಗೆದ ಮೇಲೆಯೇ ಯಂತ್ರ ಚಾಲೂ ಮಾಡಬೇಕು. ಒಣ ಪೌಡರ್ ಅಗ್ನಿಶಾಮಕವೊಂದು ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು.

ಗನ್ ಒತ್ತಿದರೂ ಬರ್ನರ್ ಸದ್ದೇ ಮಾಡುವುದಿಲ್ಲ, ತಣ್ಣೀರೇ ಬರುತ್ತದೆ

ಇದು ಕಾಣುವುದಕ್ಕೆ ದೊಡ್ಡ ದೋಷ, ಆದರೆ ಬಹುಪಾಲು ದುಡ್ಡಿಲ್ಲದೆ ಮುಗಿಯುವಂಥದ್ದು. ತಾಪಮಾನದ ಗುಂಡಿ ತಣ್ಣೀರಿನ ಗುರುತಿನಲ್ಲೇ ಇದೆಯೇ, ಡೀಸೆಲ್ ಟ್ಯಾಂಕಿಯ ಮಟ್ಟ ಕೆಳಗೆ ಹೋಗಿ ಫ್ಲೋಟ್ ಸ್ವಿಚ್ ಬರ್ನರನ್ನು ತಡೆದಿದೆಯೇ, ದೋಷದಿಂದ ನಿಂತ ಬರ್ನರನ್ನು ಮತ್ತೆ ಚಾಲೂ ಮಾಡುವ ರಿಸೆಟ್ ಗುಂಡಿಯ ದೀಪ ಹೊತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು.

ಇವೆಲ್ಲ ಸರಿಯಿದ್ದರೆ ನೀರಿನ ಕಡೆಗೆ ತಿರುಗಬೇಕು. ನೀರು ಸಾಕಷ್ಟು ಹರಿಯದಿದ್ದರೆ ಫ್ಲೋ ಸ್ವಿಚ್ ಬರ್ನರಿಗೆ ಅಪ್ಪಣೆ ಕೊಡುವುದಿಲ್ಲ, ಕೊಡಲೂಬಾರದು. ನೀರು ಒಳಬರುವ ಜಾಗದ ಜಾಲರಿಯನ್ನು ಬಿಚ್ಚಿ ತೊಳೆಯಬೇಕು. ಬೋರಿನ ಮರಳು, ಸಿಂಟೆಕ್ಸ್ ತಳದ ಕೆಸರು, ಪಾಚಿ ಎಲ್ಲವೂ ಅಲ್ಲಿ ಬಂದು ಕೂರುತ್ತವೆ. ಗನ್ನಿನ ತುದಿಯ ನಾಜಲ್ ಕಟ್ಟಿಕೊಂಡಿದ್ದರೂ ಹರಿವು ಕಡಿಮೆಯಾಗುತ್ತದೆ. ಫ್ಲೋ ಸ್ವಿಚ್‌ನೊಳಗೆ ಒಂದು ಸಣ್ಣ ಪಿಸ್ಟನ್ ಮೇಲೆ ಕೆಳಗೆ ಆಡುತ್ತಿರುತ್ತದೆ, ಸುಣ್ಣ ಕಟ್ಟಿ ಅದು ಹಿಡಿದುಕೊಳ್ಳುವುದು ಶಹಾಬಾದ್, ಚಿತ್ತಾಪುರ ಭಾಗದ ನೀರಿನಲ್ಲಿ ಸಾಮಾನ್ಯ. ಬಿಚ್ಚಿ, ತೊಳೆದು, ಬೆರಳಿನಿಂದ ನೂಕಿದಾಗ ಸಲೀಸಾಗಿ ಜಾರುವಂತೆ ಮಾಡಿದರೆ ಆಯಿತು.

ಒಂದು ವಾಷಿಂಗ್ ಸೆಂಟರಿನಲ್ಲಿ ಫ್ಲೋ ಸ್ವಿಚ್ ಹಿಡಿದುಕೊಂಡಿತ್ತೆಂದು ಯಾರೋ ಅದರ ಎರಡು ವಯರುಗಳನ್ನು ನೇರವಾಗಿ ಜೋಡಿಸಿಬಿಟ್ಟಿದ್ದರು. ಎರಡು ದಿನ ಯಂತ್ರ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಟ್ಯಾಂಕಿಯಲ್ಲಿ ನೀರು ಮುಗಿದರೂ ಬೆಂಕಿ ಆರಲಿಲ್ಲ. ನಾನು ಹೋಗಿ ನೋಡಿದಾಗ ಕಾಯಿಲ್‌ನ ಒಳಸುತ್ತು ನೀಲಿಗಟ್ಟಿ, ಒಂದು ಕಡೆ ಬಾಗಿ, ಬೆರಳುದ್ದದ ಬಿರುಕು ಬಿಟ್ಟಿತ್ತು. ಗನ್ ಹಿಡಿಯುವ ಹುಡುಗ ಆಗ ಚಹಾ ಕುಡಿಯಲು ಹೋಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಫ್ಲೋ ಸ್ವಿಚ್, ಅತಿತಾಪದ ಕಟ್‌ಆಫ್, ಸೇಫ್ಟಿ ವಾಲ್ವ್ ಈ ಮೂರನ್ನು ಯಾವ ಕಾರಣಕ್ಕೂ, ಒಂದು ಗಂಟೆಯ ಮಟ್ಟಿಗೂ, ದಾಟಿಸಿ ಯಂತ್ರ ನಡೆಸಬಾರದು.

ಫ್ಯಾನ್ ತಿರುಗುತ್ತದೆ, ಬೆಂಕಿ ಹತ್ತುವುದಿಲ್ಲ

ಇಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ, ಯಾವ ಕವಲಿನಲ್ಲಿ ಹೋಗಬೇಕೆಂಬುದನ್ನು ಚಿಮಣಿಯೇ ಹೇಳುತ್ತದೆ. ಗನ್ ಒತ್ತಿ ಹತ್ತು ಸೆಕೆಂಡು ದೂರ ನಿಂತು ನೋಡಬೇಕು. ಕಣ್ಣು ಉರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಮಂಜು ಚಿಮಣಿಯಿಂದ ಬಂದರೆ ಡೀಸೆಲ್ ಬರುತ್ತಿದೆ, ಕಿಡಿ ಇಲ್ಲ ಎಂದು ತಿಳಿಯಬೇಕು. ಬರೀ ತಣ್ಣನೆ ಗಾಳಿ ಬಂದರೆ ಡೀಸೆಲೇ ನಾಜಲ್ ತಲುಪುತ್ತಿಲ್ಲ. ಇಷ್ಟನ್ನು ಮೊದಲು ತಿಳಿದುಕೊಂಡರೆ ಬಿಚ್ಚುವ ಕೆಲಸದಲ್ಲಿ ಅರ್ಧ ಕಡಿಮೆಯಾಗುತ್ತದೆ.

ಆದರೆ ರಿಸೆಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಪ್ರತಿ ಸಲ ಒತ್ತಿದಾಗಲೂ ಹತ್ತದೆ ಉಳಿದ ಡೀಸೆಲ್ ಒಳಗೆ ಸೇರುತ್ತಾ ಹೋಗುತ್ತದೆ, ಐದನೆಯ ಸಲಕ್ಕೆ ಕಿಡಿ ಬಂದುಬಿಟ್ಟರೆ ಅಷ್ಟೂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಒಮ್ಮೆ ಒತ್ತಬಹುದು, ಹತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಬಹುದು. ಆಗಲೂ ಆಗದಿದ್ದರೆ ಕಾರಣ ಹುಡುಕಬೇಕೇ ಹೊರತು ಗುಂಡಿ ಒತ್ತುತ್ತಾ ಕೂರಬಾರದು.

ಡೀಸೆಲ್ ಬರದಿದ್ದಾಗ ಟ್ಯಾಂಕಿಯಿಂದ ಆರಂಭಿಸಿ ನಾಜಲಿನ ಕಡೆಗೆ ಸಾಗಬೇಕು. ಟ್ಯಾಂಕಿಯ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿಹೋಗಿದ್ದರೆ ಒಳಗೆ ನಿರ್ವಾತವಾಗಿ ಡೀಸೆಲ್ ಎಳೆಯುವುದು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಯಂತ್ರ ನಡೆದರೆ ದೋಷ ಸಿಕ್ಕಂತೆಯೇ. ಆಮೇಲೆ ಫಿಲ್ಟರ್. ಅದರ ಪಾರದರ್ಶಕ ಬಟ್ಟಲಿನಲ್ಲಿ ಕೆಳಗೆ ನೀರು, ಮೇಲೆ ಡೀಸೆಲ್ ಎಂದು ಗೆರೆ ಕೊರೆದಂತೆ ಎರಡು ಪದರ ಕಂಡರೆ ಟ್ಯಾಂಕಿಯಲ್ಲೂ ನೀರಿದೆ. ಸಂಶಯವಿದ್ದರೆ ಟ್ಯಾಂಕಿಯ ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ನೋಡಬಹುದು. ಹೊರಗೆ ಮಳೆಯಲ್ಲಿ ನಿಂತ ಬ್ಯಾರಲ್ಲಿನಿಂದ ಡೀಸೆಲ್ ತೆಗೆಯುವವರಿಗೆ ಈ ತೊಂದರೆ ತಪ್ಪಿದ್ದಲ್ಲ: ಬ್ಯಾರಲ್ಲಿನ ತಲೆಯ ಮೇಲೆ ನಿಂತ ನೀರು ಬಿರಡೆಯ ಸುತ್ತಿನಿಂದ ಒಳಗೆ ಜಿನುಗುತ್ತದೆ.

ಫಿಲ್ಟರ್ ಶುದ್ಧವಿದ್ದೂ ಡೀಸೆಲಿನಲ್ಲಿ ಗುಳ್ಳೆಗಳು ಹರಿದುಬಂದರೆ ಪಂಪಿಗೆ ಎಳೆಯುವ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ. ಆ ಪೈಪು ಬಿಸಿಲಿಗೆ ಒಣಗಿ ಕ್ಲಿಪ್ಪಿನ ಬುಡದಲ್ಲಿ ಸಣ್ಣದಾಗಿ ಸೀಳಿರುತ್ತದೆ. ಅಲ್ಲಿಂದ ಹೊರಗೆ ಡೀಸೆಲ್ ಸೋರಬೇಕೆಂದೇನೂ ಇಲ್ಲ, ಒಳಗೆ ಗಾಳಿ ಹೋಗುತ್ತದೆ ಅಷ್ಟೆ, ಹೀಗಾಗಿ ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಇನ್ನು ಡೀಸೆಲ್ ಮುಗಿದ ಮೇಲೂ ಯಂತ್ರ ನಡೆಸಿದ್ದರೆ ಪಂಪು ಒಣಗಿ ಓಡಿರುತ್ತದೆ. ಈ ಪಂಪಿನ ಗೇರುಗಳಿಗೆ ಡೀಸೆಲೇ ಎಣ್ಣೆ, ಅದಿಲ್ಲದೆ ಓಡಿದರೆ ಅವು ಸವೆಯುತ್ತವೆ. ಮೋಟರಿಗೂ ಪಂಪಿಗೂ ನಡುವಿನ ಪ್ಲಾಸ್ಟಿಕ್ ಕಪ್ಲಿಂಗ್ ತುಂಡಾಗಿದ್ದರೆ ಫ್ಯಾನ್ ತಿರುಗುತ್ತದೆ, ಪಂಪು ತಿರುಗುವುದಿಲ್ಲ. ಕಪ್ಲಿಂಗಿನ ಬೆಲೆ ಸಣ್ಣದು, ಹೊಸ ಪಂಪು ಕೊಳ್ಳುವ ಮೊದಲು ಅದನ್ನು ನೋಡಲೇಬೇಕು.

ಡೀಸೆಲ್ ಬಂದು ಕಿಡಿ ಬರದಿದ್ದಾಗ ಕರೆಂಟ್ ಕಿತ್ತು ಎಲೆಕ್ಟ್ರೋಡಿನ ಜೋಡಿಯನ್ನು ಹೊರತೆಗೆಯಬೇಕು. ತುದಿಗಳು ಸುಟ್ಟು ಮೊಂಡಾಗಿದ್ದರೆ ನಡುವಿನ ಅಂತರ ಹೆಚ್ಚಾಗಿರುತ್ತದೆ. ಅದು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ಇರಬೇಕು, ನಾಜಲಿನಿಂದ ಎಷ್ಟು ಮುಂದೆ ಮತ್ತು ಎಷ್ಟು ಮೇಲೆ ಎಂಬುದಕ್ಕೆ ಆಯಾ ಯಂತ್ರದ ಕೈಪಿಡಿಯ ಅಳತೆಯೇ ಅಂತಿಮ. ಡೀಸೆಲಿನ ಮಂಜು ಎಲೆಕ್ಟ್ರೋಡಿಗೆ ತಾಗುವಷ್ಟು ಹತ್ತಿರವಿಟ್ಟರೆ ಅಲ್ಲಿ ಮಸಿ ಗೂಡು ಕಟ್ಟುತ್ತದೆ. ಅನಂತರ ಬಿಳಿಯ ಪಿಂಗಾಣಿಯನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಬೇಕು. ತಲೆಗೂದಲಿನಷ್ಟು ಸಣ್ಣ ಕಪ್ಪು ಗೆರೆಯೊಂದು ಕಂಡರೂ ಕಿಡಿ ತುದಿಗೆ ಹೋಗದೆ ಆ ಬಿರುಕಿನ ದಾರಿಯಲ್ಲೇ ಯಂತ್ರದ ಲೋಹದ ಮೈಗೆ ಇಳಿದುಹೋಗುತ್ತಿದೆ ಎಂದರ್ಥ. ಅದನ್ನು ಅಂಟು ಹಾಕಿ ಸರಿಪಡಿಸಲು ಬರುವುದಿಲ್ಲ, ಬದಲಿಸಬೇಕು.

ಎಲೆಕ್ಟ್ರೋಡ್, ಅದರ ವಯರು ಎರಡೂ ಸರಿಯಿದ್ದು ಕಿಡಿ ಇಲ್ಲದಿದ್ದರೆ ಉಳಿಯುವುದು ಟ್ರಾನ್ಸ್‌ಫಾರ್ಮರ್. ಸಂಜೆಯ ಹೊತ್ತು ಮಾತ್ರ ಬೆಂಕಿ ಹತ್ತುವುದಿಲ್ಲ, ಬೆಳಿಗ್ಗೆ ಹತ್ತುತ್ತದೆ ಎಂಬ ದೂರು ಹಳ್ಳಿಗಳ ಕಡೆಯಿಂದ ಬಂದರೆ ಮೊದಲು ವೋಲ್ಟೇಜ್ ಅಳೆಯಲು ಹೇಳುತ್ತೇನೆ. ವೋಲ್ಟೇಜ್ ಬಿದ್ದರೆ ಕಿಡಿಯೂ ಅಷ್ಟೇ ಸೊರಗುತ್ತದೆ. ಟ್ರಾನ್ಸ್‌ಫಾರ್ಮರನ್ನು ಅಳೆಯುವ ಕೆಲಸವನ್ನು ಅದಕ್ಕೆ ತಕ್ಕ ಉಪಕರಣವಿರುವ ತಂತ್ರಜ್ಞರಿಗೇ ಬಿಡಬೇಕು. ಸಾಮಾನ್ಯ ಮಲ್ಟಿಮೀಟರ್ ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ.

ಹತ್ತಿದ ಬೆಂಕಿ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ

ಕೆಲವು ಯಂತ್ರಗಳಲ್ಲಿ ಬೆಂಕಿಯನ್ನು ನೋಡುವ ಫೋಟೋಸೆಲ್ ಎಂಬ ಸಣ್ಣ ಕಣ್ಣು ಇರುತ್ತದೆ. ಅದರ ಗಾಜಿನ ಮೇಲೆ ಮಸಿ ಕೂತರೆ ಬೆಂಕಿ ಇದ್ದರೂ ಅದಕ್ಕೆ ಕಾಣುವುದಿಲ್ಲ, ಬೆಂಕಿ ಇಲ್ಲವೆಂದು ತಿಳಿದು ಅದು ಡೀಸೆಲ್ ನಿಲ್ಲಿಸುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ನೋಡಬೇಕು. ಆದರೆ ಬರ್ನರ್ ಸರಿಯಾಗಿ ಉರಿಯುತ್ತಿದ್ದರೆ ಆ ಕಣ್ಣಿಗೆ ಮಸಿ ಬರಬಾರದು, ವಾರದೊಳಗೆ ಮತ್ತೆ ಬಂದರೆ ಮುಂದಿನ ಭಾಗದಲ್ಲಿ ಹೇಳಿದ ಕಪ್ಪು ಹೊಗೆಯ ಕಾರಣವನ್ನು ಹುಡುಕಬೇಕು. ಫೋಟೋಸೆಲ್ ಇಲ್ಲದ ಯಂತ್ರದಲ್ಲಿ ಹೀಗಾದರೆ ಡೀಸೆಲಿನಲ್ಲಿ ನೀರು ಅಥವಾ ಗಾಳಿ ಇದೆ, ಇಲ್ಲವೇ ನೀರಿನ ಹರಿವು ಏರಿಳಿದು ಫ್ಲೋ ಸ್ವಿಚ್ ಕಡಿದು ಕಡಿದು ಕೂಡುತ್ತಿದೆ.

ಚಿಮಣಿಯಿಂದ ಕಪ್ಪು ಹೊಗೆ ಬರುತ್ತದೆ

ಕಪ್ಪು ಹೊಗೆಯೆಂದರೆ ಡೀಸೆಲ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ಗಾಳಿ ಕಡಿಮೆಯಾಗಿರಬಹುದು, ಡೀಸೆಲ್ ಹೆಚ್ಚಾಗಿರಬಹುದು ಅಥವಾ ಡೀಸೆಲ್ ಮಂಜಾಗದೆ ಹನಿಹನಿಯಾಗಿ ಬೀಳುತ್ತಿರಬಹುದು. ನಮ್ಮ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಮೊದಲನೆಯದನ್ನು, ಅದಕ್ಕೆ ಕಾರಣ ಧೂಳು.

ಬರ್ನರ್ ಫ್ಯಾನಿನ ರೆಕ್ಕೆಗಳು ಉಗುರಿನಂತೆ ಒಳಬಾಗಿದ ಸಣ್ಣ ಸಣ್ಣ ಪಟ್ಟಿಗಳು. ಆ ಬಾಗಿನೊಳಗೆ ಧೂಳು ತುಂಬಿಕೊಂಡರೆ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಗಾಳಿ ನೂಕುವುದಿಲ್ಲ. ತೊಗರಿ ಬೇಳೆ ಮಿಲ್ಲಿನ ಪಕ್ಕದ ವಾಷಿಂಗ್ ಸೆಂಟರಿನಲ್ಲಿ ಬಿಚ್ಚಿದ ಒಂದು ಫ್ಯಾನಿನಲ್ಲಿ ಹೊಟ್ಟಿನ ಹಳದಿ ಪುಡಿ ಡೀಸೆಲ್ ಆವಿಗೆ ನೆನೆದು ಹಿಟ್ಟಿನ ಉಂಡೆಯಂತೆ ಗಟ್ಟಿಯಾಗಿತ್ತು, ಎಷ್ಟೆಂದರೆ ಎರಡು ರೆಕ್ಕೆಗಳ ನಡುವೆ ಬೆಳಕೇ ಹಾಯುತ್ತಿರಲಿಲ್ಲ. ಸಿಮೆಂಟ್ ಲಾರಿಗಳನ್ನು ತೊಳೆಯುವಲ್ಲಿ ಇನ್ನೂ ಕಷ್ಟ: ಸಿಮೆಂಟಿನ ಧೂಳಿಗೆ ನೀರಿನ ತೇವ ತಾಗಿ ಅದು ರೆಕ್ಕೆಯ ಮೇಲೆಯೇ ಕಲ್ಲಾಗಿ ಕೂರುತ್ತದೆ. ಅದನ್ನು ಒಣ ಬ್ರಷ್ಷು, ಮರದ ಕಡ್ಡಿಯಿಂದ ಬಿಡಿಸಬೇಕು. ಸುತ್ತಿಗೆಯಿಂದ ತಟ್ಟಿದರೆ ರೆಕ್ಕೆ ಬಾಗಿ ತೂಕ ಏರುಪೇರಾಗಿ ಮೋಟರಿನ ಬೇರಿಂಗ್ ಹೋಗುತ್ತದೆ. ಹಾಗಾಗಿ ಕಪ್ಪು ಹೊಗೆ ಕಂಡಾಗ ಕರೆಂಟ್ ಕಿತ್ತು ಮೊದಲು ಫ್ಯಾನ್ ನೋಡಬೇಕು, ಗಾಳಿ ಒಳಬರುವ ಜಾಲರಿಯನ್ನೂ ಚಿಮಣಿಯ ಬಾಯನ್ನೂ ನೋಡಬೇಕು. ಹೆಚ್ಚಿನವರ ತೊಂದರೆ ಇಲ್ಲಿಗೇ ಮುಗಿಯುತ್ತದೆ, ಹಣವೇನೂ ಖರ್ಚಾಗಿರುವುದಿಲ್ಲ.

ಫ್ಯಾನಿಗೆ ಬೇರೆಯೇ ಮೋಟರಿರುವ ಮೂರು ಫೇಸಿನ ಯಂತ್ರವಾಗಿದ್ದು, ಕೇಬಲ್ ಬದಲಿಸಿದ ಅಥವಾ ಲೈನ್ ರಿಪೇರಿಯಾದ ಮರುದಿನದಿಂದ ಹೊಗೆ ಆರಂಭವಾಗಿದ್ದರೆ ಮೋಟರು ಉಲ್ಟಾ ತಿರುಗುತ್ತಿರುವ ಸಂಭವವಿದೆ. ಉಲ್ಟಾ ತಿರುಗಿದರೂ ಈ ಬಗೆಯ ಫ್ಯಾನ್ ಅಲ್ಪಸ್ವಲ್ಪ ಗಾಳಿ ಕೊಡುತ್ತದೆ, ಅದಕ್ಕಾಗಿಯೇ ಇದು ಬೇಗ ಗೊತ್ತಾಗುವುದಿಲ್ಲ. ಮೋಟರಿನ ಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ, ಎರಡು ಫೇಸುಗಳನ್ನು ಅದಲುಬದಲು ಮಾಡುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ವಹಿಸಬೇಕು.

ಅನಂತರ ನಾಜಲ್. ಇದು ಸವೆಯುವ ವಸ್ತು, ಹಾಗೆಯೇ ಲೆಕ್ಕ ಹಾಕಬೇಕು. ರಂಧ್ರ ಸವೆದು ದೊಡ್ಡದಾದರೆ ಡೀಸೆಲ್ ಹೆಚ್ಚು ಬರುತ್ತದೆ, ಅರ್ಧ ಕಟ್ಟಿಕೊಂಡರೆ ಸಿಂಪಡಣೆ ಒಂದು ಪಕ್ಕಕ್ಕೆ ವಾಲಿ ಬೆಂಕಿ ಕಾಯಿಲ್‌ಗೆ ತಾಗುತ್ತದೆ. ಸೂಜಿ, ತಂತಿ ಹಾಕಿ ಅದನ್ನು ಸ್ವಚ್ಛ ಮಾಡುವುದೆಂದರೆ ಅದನ್ನು ಕೆಡಿಸುವುದೇ. ಹೊಸದನ್ನು ಹಾಕುವಾಗ ಹಳೆಯದರ ಮೇಲೆ ಕೊರೆದಿರುವ ಅಂಕಿಗಳನ್ನು ಹೋಲಿಸಬೇಕು: ಒಂದು ಗಂಟೆಗೆ ಎಷ್ಟು ಗ್ಯಾಲನ್ ಎಂಬುದು ಒಂದು, ಸಿಂಪಡಣೆಯ ಕೋನ ಇನ್ನೊಂದು. ಕೋನ 60 ಡಿಗ್ರಿ ಇದ್ದಲ್ಲಿ 80 ಡಿಗ್ರಿಯದನ್ನು ಹಾಕಿದರೆ ಬೆಂಕಿ ಅಗಲವಾಗಿ ಹರಡಿ ಕಾಯಿಲ್ ಮೇಲೆ ಮಸಿ ಕಟ್ಟುತ್ತದೆ. ಅಂಗಡಿಯವರು "ಇದೇ ಹಾಕ್ರಿ, ನಡೀತದ" ಎಂದರೂ ಕೋನ ಬೇರೆಯಿದ್ದರೆ ತರಬಾರದು.

ಫ್ಯಾನ್ ಶುದ್ಧ, ನಾಜಲ್ ಹೊಸದು, ಡೀಸೆಲ್ ಶುದ್ಧ. ಇಷ್ಟಾದ ಮೇಲೂ ಹೊಗೆ ಉಳಿದಿದ್ದರೆ ಮಾತ್ರ ಗಾಳಿಯ ಶಟರಿಗೆ, ಅಂದರೆ ಫ್ಯಾನಿಗೆ ಬರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಮುಚ್ಚಳಕ್ಕೆ, ಕೈ ಹಾಕಬಹುದು. ಮೊದಲು ಅದರ ಈಗಿನ ಜಾಗಕ್ಕೆ ಸ್ಕೆಚ್‌ಪೆನ್ನಿನಿಂದ ಗೆರೆ ಹಾಕಿಕೊಳ್ಳಬೇಕು. ನೀರು ಹರಿಯುತ್ತಾ ಬರ್ನರ್ ಐದು ನಿಮಿಷ ಉರಿದು ಬಿಸಿಯಾದ ಮೇಲೆ ಶಟರನ್ನು ಒಂದೊಂದೇ ಗೆರೆಯಷ್ಟು ತೆರೆಯುತ್ತಾ, ಪ್ರತಿ ಸಲ ಒಂದು ನಿಮಿಷ ಕಾದು ಚಿಮಣಿ ನೋಡಬೇಕು. ಹೊಗೆ ಕಣ್ಣಿಗೆ ಕಾಣದಂತಾದ ಜಾಗದಿಂದ ಇನ್ನೂ ತುಸು ಮಾತ್ರ ತೆರೆದು ಅಲ್ಲಿಯೇ ಬಿಗಿಯಬೇಕು. ಇಕ್ಕಳದಲ್ಲಿ ಹಿಡಿದ ಬಿಳಿ ಬಟ್ಟೆಯ ತುಂಡನ್ನು ಚಿಮಣಿಯ ಬಾಯಿಗೆ, ಕೈ ಮತ್ತು ಮುಖ ಪಕ್ಕಕ್ಕಿಟ್ಟುಕೊಂಡು, ಕ್ಷಣ ಹೊತ್ತು ಅಡ್ಡ ಹಿಡಿದರೆ ಅದು ಕಪ್ಪಾಗಬಾರದು. ಇದು ಅಂದಾಜಿನ ಪರೀಕ್ಷೆ. ಸರಿಯಾದ ಹೊಂದಾಣಿಕೆಗೆ ಹೊಗೆಯ ಅನಿಲವನ್ನು ಅಳೆಯುವ ಉಪಕರಣ ಬೇಕು, ವರ್ಷಕ್ಕೊಮ್ಮೆಯಾದರೂ ಅದರಿಂದ ಅಳೆಸುವುದು ಒಳ್ಳೆಯದು.

ಇಲ್ಲಿ ಋತುವಿನ ಲೆಕ್ಕವನ್ನು ಮರೆಯಬಾರದು. ಕಾದ ಗಾಳಿ ತೆಳು. ಜನವರಿಯ ಮುಂಜಾನೆ 15 ಡಿಗ್ರಿಯಲ್ಲಿ ಫ್ಯಾನ್ ನೂಕುವ ಗಾಳಿಗೂ ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿಯಲ್ಲಿ ಅದೇ ಫ್ಯಾನ್ ನೂಕುವ ಗಾಳಿಗೂ ತೂಕದಲ್ಲಿ ಸುಮಾರು ಶೇ 9ರ ವ್ಯತ್ಯಾಸವಿದೆ, ಎರಡನೆಯದರಲ್ಲಿ ಆಮ್ಲಜನಕವೂ ಅಷ್ಟೇ ಕಡಿಮೆ. ಚಳಿಗಾಲದ ಬೆಳಿಗ್ಗೆ ಹೊಗೆ ನಿಲ್ಲುವ ಅಂಚಿಗೇ ಹೊಂದಿಸಿಟ್ಟ ಬರ್ನರ್ ಬೇಸಿಗೆಯಲ್ಲಿ ಹೊಗೆಯಾಡುವುದು ಇದರಿಂದ. ಮೇಲೆ ಬರೆದ ಫೋನಿನ ಹುಡುಗನ ಯಂತ್ರವೂ ಹೀಗೆಯೇ: ಮುಂಜಾನೆ ಚೆನ್ನಾಗಿದ್ದದ್ದು ಮಧ್ಯಾಹ್ನ ಹೊಗೆಯಾಡಿತು, ಅರ್ಧ ಕಟ್ಟಿದ ಫ್ಯಾನಿಗೆ ಬಿಸಿಲೂ ಸೇರಿಕೊಂಡಿತ್ತು. ಆದ್ದರಿಂದ ಹೊಂದಾಣಿಕೆಯನ್ನು ಫೆಬ್ರವರಿ ಕೊನೆಯಲ್ಲೋ ಮಾರ್ಚ್‌ನಲ್ಲೋ, ನಡುಹಗಲಿನಲ್ಲಿ ಮಾಡುವುದು ನನ್ನ ರೂಢಿ.

ಡೀಸೆಲ್ ಪಂಪಿನ ಮೇಲಿರುವ ಒತ್ತಡದ ಸ್ಕ್ರೂ ಬೇರೆ ಮಾತು. ಗೇಜ್ ಜೋಡಿಸದೆ ಅದನ್ನು ಕಾಲು ಸುತ್ತು ಕೂಡ ತಿರುಗಿಸಬಾರದು. ಗೇಜ್ ಇಲ್ಲದವರು ಇಲ್ಲಿಗೆ ನಿಲ್ಲಿಸಿ ತಂತ್ರಜ್ಞರನ್ನು ಕರೆಯಬೇಕು.

ಬೆಂಕಿ ಹತ್ತಿದ ಮೇಲೂ ಬಿಳಿ ಹೊಗೆ ಬರುತ್ತದೆ

ಚಳಿಗಾಲದ ಬೆಳಿಗ್ಗೆ ಚಿಮಣಿಯಿಂದ ಬರುವ ಬಿಳುಪು ಬರೀ ನೀರಾವಿಯಾಗಿರಬಹುದು. ಅದಕ್ಕೆ ವಾಸನೆಯಿಲ್ಲ, ತುಸು ದೂರದಲ್ಲೇ ಕರಗಿಹೋಗುತ್ತದೆ. ಕಣ್ಣು ಉರಿಸಿ, ನೆಲಕ್ಕೆ ಜೋತುಬೀಳುವ ಬಿಳಿ ಹೊಗೆಯಾದರೆ ಅದು ಉರಿಯದ ಡೀಸೆಲ್. ಗಾಳಿಯ ಶಟರ್ ಅತಿಯಾಗಿ ತೆರೆದಿರುವುದು, ಡೀಸೆಲಿನಲ್ಲಿ ನೀರಿರುವುದು, ಪಂಪಿನ ಒತ್ತಡ ಬಿದ್ದು ಮಂಜು ಒರಟಾಗಿರುವುದು ಇದರ ಕಾರಣಗಳು, ಇದೇ ಕ್ರಮದಲ್ಲಿ ನೋಡಬೇಕು. ಬೆಂಕಿ ನಿಂತ ಮೇಲೂ ಚಿಮಣಿಯ ಬುಡದಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಬಿಳಿ ಆವಿ ಎಡೆಬಿಡದೆ ಬರುತ್ತಿದ್ದರೆ ಕಾಯಿಲ್ ತೂತಾಗಿದೆ ಎಂದು ತಿಳಿದು ಯಂತ್ರವನ್ನು ಅಲ್ಲಿಗೇ ನಿಲ್ಲಿಸಬೇಕು.

ಹತ್ತುವಾಗ "ದಡ್" ಎಂದು ಸದ್ದಾಗುತ್ತದೆ

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಡೀಸೆಲ್ ಮೊದಲು ಸೇರಿ ಕಿಡಿ ತಡವಾಗಿ ಬರುತ್ತಿದೆ ಅಥವಾ ಸೋಲೆನಾಯ್ಡ್ ವಾಲ್ವ್ ಪೂರ್ತಿ ಮುಚ್ಚದೆ, ಯಂತ್ರ ನಿಂತಿರುವಾಗಲೂ ಡೀಸೆಲ್ ಹನಿಯುತ್ತಿದೆ. ಎಲೆಕ್ಟ್ರೋಡಿನ ಅಂತರವನ್ನು ಸರಿಪಡಿಸಿದ ಮೇಲೂ ಸದ್ದು ಉಳಿದರೆ ವಾಲ್ವ್ ಬದಲಿಸಬೇಕಾಗುತ್ತದೆ. ಸದ್ದಿನ ಜೊತೆಗೆ ಚಿಮಣಿಯಿಂದಾಗಲಿ ಬರ್ನರ್‌ನ ಬುಡದಿಂದಾಗಲಿ ಬೆಂಕಿಯ ನಾಲಿಗೆ ಹೊರಬಂದರೆ ಮತ್ತೆ ಚಾಲೂ ಮಾಡಿ ನೋಡುವ ಪ್ರಶ್ನೆಯೇ ಇಲ್ಲ. ಇಣುಕುಕಿಂಡಿಗೆ ಮುಖ ಒಡ್ಡಬಾರದು. ಮೇನ್ ಇಳಿಸಿ, ಡೀಸೆಲ್ ಕಾಕ್ ಇದ್ದರೆ ಮುಚ್ಚಿ, ದೂರ ನಿಲ್ಲಬೇಕು. ಬೆಂಕಿ ಯಂತ್ರದ ಹೊರಗೆ ಹರಡಿದರೆ 112ಕ್ಕೆ ಕರೆ ಮಾಡಬೇಕು. ಡೀಸೆಲ್ ಬೆಂಕಿಗೆ ಅದೇ ಗನ್ನಿನಿಂದ ನೀರು ಹೊಡೆದರೆ ಅದು ಹರಡುತ್ತದೆಯೇ ವಿನಾ ಆರುವುದಿಲ್ಲ.

ಡೀಸೆಲಿಗೆ ಪೆಟ್ರೋಲ್, ತಿನ್ನರ್ ಬೆರೆಸುವವರನ್ನು ನಾನು ಕಂಡಿದ್ದೇನೆ. ಈ ಬರ್ನರಿನಲ್ಲಿ ಅದು ಸ್ಫೋಟಕ್ಕೆ ಸಮ. ಹಳೆಯ ಎಂಜಿನ್ ಆಯಿಲ್ ಬೆರೆಸಿದರೆ ಪ್ರಾಣಕ್ಕೆ ಅಪಾಯ ಕಡಿಮೆ, ಆದರೆ ನಾಜಲ್ ಮತ್ತು ಪಂಪು ಎರಡೂ ಬೇಗ ಹಾಳಾಗುತ್ತವೆ.

ಬೆಂಕಿ ಚೆನ್ನಾಗಿದೆ, ನೀರು ಸಾಕಷ್ಟು ಬಿಸಿಯಾಗುತ್ತಿಲ್ಲ

ಯಂತ್ರವನ್ನು ದೂರುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕು. ನಾಜಲಿನ ಮೇಲಿನ ಅಂಕಿ 7 ಬಾರ್ ಒತ್ತಡದಲ್ಲಿ ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಎಂಬುದನ್ನು ಹೇಳುತ್ತದೆ. 1.25ರ ನಾಜಲಿನಲ್ಲಿ 7 ಬಾರ್‌ಗೆ ಗಂಟೆಗೆ 4.7 ಲೀಟರ್ ಡೀಸೆಲ್ ಬಂದರೆ 10 ಬಾರ್‌ಗೆ ಸುಮಾರು 5.6 ಲೀಟರ್ ಬರುತ್ತದೆ. ಒಂದು ಲೀಟರ್ ಡೀಸೆಲಿನಿಂದ ಸಿಗುವುದು ಸುಮಾರು 8,500 ಕಿಲೋ ಕ್ಯಾಲರಿ. ಅದರಲ್ಲಿ ಶೇ 90ರಷ್ಟು ನೀರಿಗೆ ಸೇರಿತೆಂದು ಹಿಡಿದರೆ, ನಿಮಿಷಕ್ಕೆ 15 ಲೀಟರ್ ನೀರು ಹರಿಯುವ ಯಂತ್ರದಲ್ಲಿ ನೀರಿನ ತಾಪ 48 ಡಿಗ್ರಿಯಷ್ಟು ಏರುತ್ತದೆ. ಮೇ ತಿಂಗಳಲ್ಲಿ ಸಿಂಟೆಕ್ಸಿನ ನೀರು 35 ಡಿಗ್ರಿ ಇದ್ದರೆ ಗನ್ನಿನಲ್ಲಿ 83 ಡಿಗ್ರಿ, ಡಿಸೆಂಬರಿನಲ್ಲಿ 20 ಡಿಗ್ರಿ ಇದ್ದರೆ 68 ಡಿಗ್ರಿ. "ಚಳಿಗಾಲದಾಗ ನೀರ್ ಕಾಯಲ್ದು" ಎಂಬ ದೂರಿನಲ್ಲಿ ಎಷ್ಟೋ ಸಲ ದೋಷವೇ ಇರುವುದಿಲ್ಲ; ಗುಂಡಿಯನ್ನು 90ಕ್ಕೆ ತಿರುಗಿಸಿದ ಮಾತ್ರಕ್ಕೆ ಡೀಸೆಲಿನಲ್ಲಿ ಇಲ್ಲದ ಶಾಖ ಬರುವುದಿಲ್ಲ. ಅದಕ್ಕೆಂದು ದೊಡ್ಡ ನಾಜಲ್ ಹಾಕಿಸಿದರೆ ಮತ್ತೆ ಕಪ್ಪು ಹೊಗೆಯ ಭಾಗಕ್ಕೇ ಬರಬೇಕಾಗುತ್ತದೆ.

ಏರಿಕೆ ಈ ಲೆಕ್ಕಕ್ಕಿಂತ ಬಹಳ ಕಡಿಮೆಯಿದ್ದರೆ ಕಾಯಿಲ್ ನೋಡಬೇಕು. ಹೊರಗೆ ಮಸಿ, ಒಳಗೆ ಸುಣ್ಣ, ಎರಡೂ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತವೆ. ಮಸಿಯಿದ್ದರೆ ಶಾಖ ಚಿಮಣಿಯಿಂದ ವ್ಯರ್ಥವಾಗಿ ಹೋಗುತ್ತದೆ. ಸುಣ್ಣವಿದ್ದರೆ ಅದರ ಜೊತೆಗೆ ನೀರಿನ ಪಂಪಿನ ಗೇಜಿನಲ್ಲಿ ಒತ್ತಡ ಎಂದಿಗಿಂತ ಹೆಚ್ಚು ತೋರಿಸುತ್ತದೆ, ಗನ್ನಿನಲ್ಲಿ ಮಾತ್ರ ನೀರಿನ ಬಿರುಸು ಕಡಿಮೆಯಿರುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಈ ಗುರುತು ಸಾಕು. ಮಸಿಯನ್ನು ಮಾಸ್ಕ್, ಕೈಗವಸು ಹಾಕಿಕೊಂಡು ಒಣ ಬ್ರಷ್ಷಿನಿಂದ ತೆಗೆಯಬೇಕು; ಒದ್ದೆ ಮಾಡಿ ಹಾಗೆಯೇ ಬಿಟ್ಟರೆ ಮಸಿಯಲ್ಲಿರುವ ಗಂಧಕ ನೀರಿನೊಂದಿಗೆ ಆಮ್ಲವಾಗಿ ಕಾಯಿಲನ್ನು ತಿನ್ನುತ್ತದೆ.

ಸುಣ್ಣ ನಮ್ಮ ನೆಲದ ಗುಣ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗದ ನೆಲದಡಿ ಇರುವುದೇ ಸುಣ್ಣಕಲ್ಲು. ಆ ಕಲ್ಲಿನಿಂದಲೇ ಸಿಮೆಂಟ್, ಅದರಿಂದಲೇ ಫರ್ಶಿ, ಅದರೊಳಗಿಂದಲೇ ಬೋರ್ ನೀರು. ತಣ್ಣೀರಿನಲ್ಲಿ ಕರಗಿ ಬಂದ ಸುಣ್ಣ, ನೀರು 60 ಡಿಗ್ರಿ ದಾಟಿದಂತೆ ಬೇಗ ಬೇಗ ಕಾಯಿಲ್‌ನ ಗೋಡೆಗೆ ಅಂಟುತ್ತದೆ. ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಮೊತ್ತವನ್ನು. ಅದರಲ್ಲಿ ಸುಣ್ಣದ ಪಾಲೆಷ್ಟು, ಅಂದರೆ ಗಡಸುತನವೆಷ್ಟು, ಎಂದು ತಿಳಿಯಲು ಗಡಸುತನದ ಪರೀಕ್ಷಾ ಕಿಟ್ಟೇ ಬೇಕು. ಪದರ ತೆಳುವಾಗಿದ್ದಾಗ ಸುಣ್ಣ ಕರಗಿಸುವ ಡೀಸ್ಕೇಲರ್ ದ್ರಾವಣವನ್ನು, ಬರ್ನರ್ ಉರಿಸದೆ, ತೆರೆದ ಬಕೆಟ್ಟಿನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಬಕೆಟ್ಟಿಗೆ ಸಣ್ಣ ಪಂಪಿನಿಂದ ಸುತ್ತಿಸಿ, ನೊರೆ ಏಳುವುದು ನಿಂತ ಮೇಲೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಸುಣ್ಣ ಕರಗುವಾಗ ಅನಿಲ ಏಳುವುದರಿಂದ ಎರಡೂ ತುದಿ ಮುಚ್ಚಿ ಇಡಬಾರದು, ಕನ್ನಡಕ ಮತ್ತು ಕೈಗವಸು ಇಲ್ಲದೆ ಮಾಡಬಾರದು, ಬ್ಲೀಚಿಂಗ್ ಪುಡಿಯ ಹತ್ತಿರವೂ ತರಬಾರದು. ಕೊಳವೆ ಅರ್ಧಕ್ಕಿಂತ ಹೆಚ್ಚು ಕಟ್ಟಿಹೋಗಿದ್ದರೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ವರ್ಷಕ್ಕೆ ಎರಡು ಸಲ ಡೀಸ್ಕೇಲ್ ಮಾಡಿಸುವ ಬದಲು ನೀರಿನ ಗಡಸುತನ ಇಳಿಸುವ ಒಂದು ಸಾಫ್ಟ್‌ನರ್ ಕೂರಿಸುವುದು ಈ ಭಾಗದವರಿಗೆ ಲಾಭ ಎಂಬುದು ನನ್ನ ಅನುಭವ.

ನಡುನಡುವೆ ಮಾಡಬೇಕಾದ ಆರೈಕೆ

ವಾರಕ್ಕೊಮ್ಮೆ ಫಿಲ್ಟರಿನ ಬಟ್ಟಲು ಮತ್ತು ನೀರಿನ ಜಾಲರಿ, ತಿಂಗಳಿಗೊಮ್ಮೆ ಫ್ಯಾನ್ ಮತ್ತು ಎಲೆಕ್ಟ್ರೋಡ್, ವರ್ಷಕ್ಕೊಮ್ಮೆ ನಾಜಲ್ ಮತ್ತು ಡೀಸೆಲ್ ಫಿಲ್ಟರ್. ಸಿಮೆಂಟ್ ಧೂಳಿನಲ್ಲಿ ನಡೆಯುವ ಯಂತ್ರಕ್ಕೆ ಫ್ಯಾನಿನ ಅವಧಿಯನ್ನು ಅರ್ಧ ಮಾಡಬೇಕು. ಶೆಡ್ಡಿನ ಶಟರ್ ಎಳೆದು ಒಳಗೆ ಯಂತ್ರ ನಡೆಸಬಾರದು. ಸರಿಯಾಗಿ ಉರಿಯದ ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಲಸ ಮಾಡುವಾಗ ತಲೆನೋವು, ತಲೆಸುತ್ತು ಬಂದರೆ ಕೂಡಲೇ ಯಂತ್ರ ಆರಿಸಿ ಬಯಲಿಗೆ ಬರಬೇಕು.

ಕೊನೆಯದಾಗಿ, ಪ್ರತಿಯೊಂದು ಯಂತ್ರದ ಕವರಿನ ಒಳಮೈಗೆ ನಾನು ಒಂದು ಚೀಟಿ ಅಂಟಿಸುತ್ತೇನೆ. ನಾಜಲಿನ ಅಂಕಿ ಮತ್ತು ಕೋನ, ಪಂಪಿನ ಒತ್ತಡ, ಶಟರಿನ ಗೆರೆ, ಎಲೆಕ್ಟ್ರೋಡಿನ ಅಂತರ, ಒಳಬರುವ ಮತ್ತು ಹೊರಹೋಗುವ ನೀರಿನ ತಾಪ, ಬದಲಿಸಿದ ತಾರೀಖು. ಬಾಲ್‌ಪೆನ್ನಿನಿಂದ ಬರೆದು ಮೇಲೆ ಅಗಲವಾದ ಪಾರದರ್ಶಕ ಟೇಪು ಹಚ್ಚಿದರೆ ಉಗಿಗೂ ಡೀಸೆಲ್‌ಗೂ ಅಕ್ಷರ ಅಳಿಯುವುದಿಲ್ಲ. ಮುಂದಿನ ಸಲ ಫೋನ್ ಮಾಡುವವರು ಮೊದಲು ಆ ಚೀಟಿಯನ್ನು ಓದಿ ಹೇಳಲಿ.